ಬಿಸಿಲೂ ವಿದ್ಯುತ್ ಬಿಲ್ಲೂ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪತ್ತಿಯಾದ ವಿದ್ಯುಚ್ಛಕ್ತಿ ಮೊದಲು ಹರಿದದ್ದು ಸುತ್ತಿನ ಹಳ್ಳಿಗಳಿಗಲ್ಲ; ತೊಂಬತ್ತು ಮೈಲಿ ಆಚೆಯ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ 1905ರಲ್ಲಿ ದೀಪ ಬಂತು. ಅದೇ ತಾಲ್ಲೂಕಿನ ಪೂರಿಗಾಲಿಯಂಥ ಊರುಗಳು ತಮ್ಮ ಸರದಿಗಾಗಿ ಬಹುಕಾಲ ಕಾಯಬೇಕಾಯಿತು. ಬಿಸಿಲು ಮಾತ್ರ ಯಾವ ತಂತಿಗೂ ಕಾಯುವುದಿಲ್ಲ. ಪೂರಿಗಾಲಿಯ ತಾರಸಿಯ ಮೇಲೂ ನಿಮ್ಮ ಪಟ್ಟಣದ ತಾರಸಿಯ ಮೇಲೂ ಅದು ಧಾರಾಳವಾಗಿ ಬೀಳುತ್ತದೆ. ಅದರಿಂದ ಬಿಲ್ಲನ್ನು ಇಳಿಸಬಹುದೆ? ಇಳಿಸಬಹುದು, ಆದರೆ ಎಲ್ಲರ ಮನೆಯಲ್ಲೂ ಅಲ್ಲ.

ಸೌರಫಲಕದ ಮೇಲೆ ಬೆಳಕು ಬಿದ್ದಾಗ ಅದರೊಳಗೆ ನೇರ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಇನ್ವರ್ಟರ್ ಎಂಬ ಪೆಟ್ಟಿಗೆ ಅದನ್ನು ಮನೆಯ ದೀಪ, ಫ್ಯಾನುಗಳಿಗೆ ಒಗ್ಗುವ ಪರ್ಯಾಯ ಪ್ರವಾಹವನ್ನಾಗಿ ಮಾಡುತ್ತದೆ. ಒಂದು ಕಿಲೋವ್ಯಾಟ್ ಫಲಕಗಳಿಗೆ ಸುಮಾರು ನೂರು ಚದರಡಿ ಜಾಗ ಬೇಕು. ನಿರ್ಮಲವಾದ ದಿನ ನಾಲ್ಕು ಯೂನಿಟ್ಟಿನಷ್ಟು ಸಿಗುತ್ತದೆ. ಹಗಲು ಮಿಕ್ಕದ್ದು ಕಂಬದ ತಂತಿಗೆ ಹೋಗುತ್ತದೆ, ರಾತ್ರಿ ಬೇಕಾದ್ದು ಅಲ್ಲಿಂದಲೇ ಬರುತ್ತದೆ. ನೆರೆಮನೆಗೆ ಒಂದು ಸೇರು ಅಕ್ಕಿ ಕೊಟ್ಟು, ಬೇಕಾದಾಗ ಹಿಂದಕ್ಕೆ ಪಡೆದಂತೆ. ನೆಟ್ ಮೀಟರು ಈ ಕೊಡುಕೊಳೆಯ ಲೆಕ್ಕ ಇಡುತ್ತದೆ. ಆದರೆ ತಿಂಗಳ ಕೊನೆಗೆ ಮಿಕ್ಕದ್ದಕ್ಕೆ ನಿಮಗೆ ಸಿಗುವ ದರ ನೀವು ತೆರುವ ದರಕ್ಕಿಂತ ಕಡಮೆ. ಆದುದರಿಂದ ಅಗತ್ಯಕ್ಕಿಂತ ದೊಡ್ಡ ವ್ಯವಸ್ಥೆ ಲಾಭವಲ್ಲ.

ತಿಂಗಳಿಗೆ ಮುನ್ನೂರು ಯೂನಿಟ್ ಉರಿಸುವ ಮನೆಯನ್ನು ನೋಡೋಣ. ಎರಡು ಕಿಲೋವ್ಯಾಟ್ ಫಲಕಗಳಿಂದ, ಮಳೆಗಾಲದ ಮೋಡವನ್ನೂ ಕಳೆದು, ತಿಂಗಳಿಗೆ ಸರಾಸರಿ ಇನ್ನೂರು ಯೂನಿಟ್ ಎನ್ನಿ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಉಳಿತಾಯ 1,200 ರೂಪಾಯಿ. ನಿಗದಿತ ಶುಲ್ಕ ಮಾತ್ರ ಹಾಗೆಯೇ ನಿಲ್ಲುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟಿಗೆ 60,000, ಮೂರು ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದರು. ಅದು ಕಳೆದು ನಿಮ್ಮ ಕೈಯಿಂದ 80,000 ಹೋಯಿತೆಂದರೆ ಐದೂವರೆ ವರ್ಷದಲ್ಲಿ ಹಣ ಮರಳುತ್ತದೆ. ಫಲಕಗಳು ಇಪ್ಪತ್ತೈದು ವರ್ಷ ಬಾಳುವಂಥವು. ಇನ್ವರ್ಟರನ್ನು ನಡುವೆ ಒಮ್ಮೆಯಾದರೂ ಬದಲಿಸಬೇಕಾದೀತು.

ಈಗ ನಮ್ಮ ರಾಜ್ಯದ ವಿಶೇಷವನ್ನು ಗಮನಿಸಿ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ, 2022–23ರ ನಿಮ್ಮ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತು ಸೇರಿಸಿ, ಇನ್ನೂರು ಯೂನಿಟ್ ಮೀರದಂತೆ ಉಚಿತ ಮಿತಿಯನ್ನು ಕಟ್ಟಿದರು. ಸೊನ್ನೆ ಬಿಲ್ಲು ಬರುವ ಮನೆಯವರು ಬಿಲ್ಲು ಇಳಿಸಲೆಂದು ಫಲಕ ಕೊಳ್ಳುವುದು, ನನ್ನ ಅಭಿಪ್ರಾಯದಲ್ಲಿ, ತುಂಬಿದ ಕೊಡಕ್ಕೆ ನೀರು ಹೊತ್ತಂತೆ. ಆದರೆ ಬಳಕೆ ಇನ್ನೂರನ್ನು ದಾಟಿತೋ, ಇಡೀ ಬಿಲ್ಲು ನಿಮ್ಮ ತಲೆಯ ಮೇಲೆ!

ಇನ್ನೂರಮೂವತ್ತು ಯೂನಿಟ್ಟಿನ ಮನೆಯವರಿಗೆ ಫಲಕಕ್ಕಿಂತ ಅಗ್ಗದ ದಾರಿ ಒಂದಿದೆ. ಎರಡು ಕಿಲೋವ್ಯಾಟಿನ ಗೀಸರು ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ ಅರವತ್ತು ಯೂನಿಟ್. ಸ್ನಾನದ ನೀರನ್ನು ತಾರಸಿಯ ಸೌರ ಜಲತಾಪಕಕ್ಕೆ ಒಪ್ಪಿಸಿದರೆ ಬಳಕೆ ನೂರೆಪ್ಪತ್ತಕ್ಕೆ ಇಳಿಯುತ್ತದೆ. ಆಗ ಉಚಿತ ಮಿತಿಯ ಮೇಲಿನಷ್ಟಕ್ಕೆ ಮಾತ್ರ ಹಣ. ಇದಕ್ಕೆ ನೆಟ್ ಮೀಟರೂ ಬೇಡ. ಫಲಕವನ್ನೇ ಹಾಕಿಸುವುದಾದರೆ, ಆಮೇಲೆ ಗೃಹಜ್ಯೋತಿಯ ಲೆಕ್ಕ ಹೇಗಾಗುವುದೆಂದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ, ಅಥವಾ ನಿಮ್ಮ ಜಿಲ್ಲೆಯ ನಿಗಮದ, ಕಚೇರಿಯಲ್ಲಿ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಇನ್ನೊಂದು ಮಾತನ್ನು ಮಾರಾಟಗಾರರು ಬೇಗ ಹೇಳುವುದಿಲ್ಲ. ಕಂಬದ ವಿದ್ಯುತ್ತು ಹೋದರೆ, ಮಟಮಟ ಮಧ್ಯಾಹ್ನವಾದರೂ, ಬ್ಯಾಟರಿಯಿಲ್ಲದ ಈ ವ್ಯವಸ್ಥೆ ತಾನೂ ನಿಂತುಬಿಡುತ್ತದೆ. ತಂತಿ ದುರಸ್ತಿ ಮಾಡುವವನಿಗೆ ನಿಮ್ಮ ಮನೆಯಿಂದ ಹರಿದ ವಿದ್ಯುತ್ತು ತಗುಲಬಾರದೆಂದು ಹಾಗೆ ಕಟ್ಟಿರುತ್ತಾರೆ. ರೇಡಿಯೋಗೇನೋ ಎರಡು ಶೆಲ್ಲು ಸಾಕು.

ಫಲಕಗಳು ದಕ್ಷಿಣಕ್ಕೆ ಮುಖಮಾಡಿ ಸ್ವಲ್ಪ ಓರೆಯಾಗಿರಲಿ. ತೆಂಗಿನ ಗರಿಯ ನೆರಳು ಒಂದರ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪತ್ತಿ ಕುಗ್ಗಬಹುದು. ಬೇಸಿಗೆಯ ಧೂಳನ್ನು ಫಲಕ ಕಾಯುವ ಮೊದಲೇ, ಬೆಳಗಿನ ಹೊತ್ತು, ಬರಿಯ ನೀರಿನಿಂದ ತೊಳೆಯಿರಿ.