ಡ್ರೈವಿಂಗ್‌ಗೂ ಇಂಟರ್ನಲ್ಸ್ ಮಾರ್ಕ್ಸಾ?

ಕಳೆದ ತಿಂಗಳು ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದಾಗ ಅವರಪ್ಪ ಕಾರ್ ಇನ್ಶೂರೆನ್ಸ್ ರಿನ್ಯೂವಲ್ ಪೇಪರ್ ಹಿಡ್ಕೊಂಡು ಕೂತಿದ್ರು. "ರಿಟೈರ್ ಆದ್ಮೇಲೆ ನಾನು ಕಾರು ತೆಗೆಯೋದೇ ದೇವಸ್ಥಾನಕ್ಕೆ, ಮದುವೆಗೆ. ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡೋನಷ್ಟೇ ನಾನೂ ಯಾಕಪ್ಪಾ ಕಟ್ಟಬೇಕು? ಎಂಜಿನಿಯರಿಂಗ್ ಓದ್ತೀರಲ್ಲ, ಹೇಳಿ" ಅಂದ್ರು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಸ್ಟೆಲ್‌ಗೆ ಬಂದು ಹುಡುಕಿದ್ವಿ.

ಕಾರಿನ ವಿಮೆಯಲ್ಲಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಇದು ಕಡ್ಡಾಯ. ಇದರ ದರವನ್ನು ಕೇಂದ್ರ ಸರ್ಕಾರವೇ ಎಂಜಿನ್ ಸಿಸಿ ನೋಡಿ ನಿಗದಿ ಮಾಡುತ್ತೆ, ಎಷ್ಟು ನಿಧಾನಕ್ಕೆ ಓಡಿಸಿದ್ರೂ ಕಡಿಮೆ ಆಗಲ್ಲ. ಇನ್ನೊಂದು ಓನ್ ಡ್ಯಾಮೇಜ್, ನಮ್ಮ ಕಾರಿಗೇ ಆಗುವ ಹಾನಿಗೆ. 2022ರ ಜುಲೈನಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಈ ಎರಡನೇ ಭಾಗಕ್ಕೆ ಎರಡು ಹೊಸ ದಾರಿಗೆ ಒಪ್ಪಿಗೆ ಕೊಡ್ತು: 'ಪೇ ಆಸ್ ಯು ಡ್ರೈವ್', 'ಪೇ ಹೌ ಯು ಡ್ರೈವ್'.

ಮೊದಲನೆಯದು ಸುಲಭ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಅಂತ ಮೊದಲೇ ಹೇಳೋದು, ಕಡಿಮೆ ಓಡಿಸಿದರೆ ಕಡಿಮೆ ಹಣ. ಮಿತಿ ದಾಟಿದ್ರೆ ಏನಾಗುತ್ತೆ ಅನ್ನೋ ನಿಯಮ ಕಂಪನಿಯಿಂದ ಕಂಪನಿಗೆ ಬೇರೆ, ಸಹಿ ಹಾಕೋ ಮುಂಚೆ ಅದನ್ನ ಓದ್ಲೇಬೇಕು.

ಎರಡನೆಯದರಲ್ಲೇ ನಮ್ಮ ಸಿಲಬಸ್ ಬರೋದು. ಎಷ್ಟು ಓಡಿಸ್ತೀರಿ ಅಲ್ಲ, ಹೇಗೆ ಓಡಿಸ್ತೀರಿ ಅನ್ನೋದು ಲೆಕ್ಕ. ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ ಒಂದು ಚಿಕ್ಕ ಡಿವೈಸ್ ಸಿಕ್ಕಿಸಬಹುದು, ಇಲ್ಲಾಂದ್ರೆ ಫೋನೇ ಸಾಕು. ಜಿಪಿಎಸ್ ವೇಗ ಹೇಳುತ್ತೆ, ಆಕ್ಸಿಲರೋಮೀಟರ್ ಬ್ರೇಕ್ ಹೊಡೆತ ಹಿಡಿಯುತ್ತೆ, ಗೈರೋಸ್ಕೋಪ್ ತಿರುವು ನೋಡುತ್ತೆ. ಅಮೆರಿಕದ ಪ್ರೋಗ್ರೆಸಿವ್ ಕಂಪನಿಯ ಸ್ನ್ಯಾಪ್‌ಶಾಟ್‌ನಲ್ಲಿ ಒಂದು ಸೆಕೆಂಡಿನಲ್ಲಿ ವೇಗ 7 ಮೈಲಿ, ಅಂದ್ರೆ ಸುಮಾರು 11 ಕಿಲೋಮೀಟರ್ ಇಳಿದರೆ ಅದು 'ಹಾರ್ಡ್ ಬ್ರೇಕ್'. ಲೆಕ್ಕ ಹಾಕಿದ್ರೆ 3.1 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್, ಗುರುತ್ವದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ.

ಇದನ್ನ ನಮ್ಮ ರಸ್ತೆಯಲ್ಲಿ ನೋಡೋಣ ಅಂತ ಒಂದು ಭಾನುವಾರ ಗೆಳೆಯನ ಕಾರಲ್ಲಿ ಫೋನ್ ಸಿಕ್ಕಿಸಿ ಫೈಫಾಕ್ಸ್ ಆ್ಯಪ್ ಆನ್ ಮಾಡಿ ಹೊರಟ್ವಿ. ಹಿಂದಿನ ಸೀಟಿನಲ್ಲಿ ಒಬ್ಬ ಪೆನ್ನು ಹಿಡಿದು ಎಲ್ಲಾ ಬರ್ಕೊಳ್ತಿದ್ದ. ಅರ್ಧ ಗಂಟೆಯಲ್ಲಿ ಏಳು ಸಲ ಮಿತಿ ದಾಟಿತ್ತು. ಐದು ಸಲ ಬಣ್ಣ ಬಳಿಯದ ಹಂಪ್‌ಗಳ ಮುಂದೆ. ಒಂದು, ನಾಯಿ ಅಡ್ಡ ಬಂದಾಗ. ಇನ್ನೊಂದು ಫೋನ್ ಹೋಲ್ಡರ್‌ನಿಂದ ಕೆಳಗೆ ಬಿದ್ದದ್ದು! ನಾಯಿ ಉಳೀತು, ಆದ್ರೆ ಆಲ್ಗಾರಿದಮ್ ಲೆಕ್ಕದಲ್ಲಿ ನಮ್ಮ ಗೆಳೆಯ ಕೆಟ್ಟ ಡ್ರೈವರ್. ಸೆನ್ಸರ್‌ಗೆ ಬ್ರೇಕ್ ಕಾಣುತ್ತೆ, ಕಾರಣ ಕಾಣಲ್ಲ. ನಡುರಾತ್ರಿ ಓಡಿಸಿದ್ರೂ ಹೊರದೇಶದ ಕೆಲವು ಸ್ಕೀಮ್‌ಗಳಲ್ಲಿ ಸ್ಕೋರ್ ಇಳಿಯುತ್ತೆ. ಅಪಘಾತದ ಅಪಾಯ ಆಗ ಜಾಸ್ತಿ, ನಿಜ. ಆದ್ರೆ ನೈಟ್ ಡ್ಯೂಟಿ ನರ್ಸ್ ಏನು ಮಾಡ್ಬೇಕು?

ಇನ್ನೂ ದೊಡ್ಡ ಪ್ರಶ್ನೆ, ಈ ಡೇಟಾ ಯಾರ ಕೈಗೆ ಹೋಗುತ್ತೆ ಅನ್ನೋದು. 2024ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತ್ತು: ಜನರಲ್ ಮೋಟಾರ್ಸ್ ತನ್ನ ಗ್ರಾಹಕರ ಡ್ರೈವಿಂಗ್ ವಿವರಗಳನ್ನ ಲೆಕ್ಸಿಸ್‌ನೆಕ್ಸಿಸ್‌ನಂಥ ಸಂಸ್ಥೆಗಳಿಗೆ ಕೊಡ್ತಿತ್ತು, ಅಲ್ಲಿಂದ ಅದು ವಿಮಾ ಕಂಪನಿಗಳಿಗೆ ಹೋಗ್ತಿತ್ತು. ಪ್ರೀಮಿಯಂ ಏರಿದ ಮೇಲೇ ಕೆಲವರಿಗೆ ಸಂಗತಿ ತಿಳಿದದ್ದು. ಗಲಾಟೆ ಆದ್ಮೇಲೆ ಕಂಪನಿ ಅದನ್ನ ನಿಲ್ಲಿಸ್ತು. ನಾವೂ ಆ್ಯಪ್ ಹಾಕುವಾಗ 'ಅಲೋ' ಒತ್ತೋದು ಓದದೇನೇ ಅಲ್ವಾ?

ಇಷ್ಟೆಲ್ಲ ಅಂಕಲ್‌ಗೆ ಹೇಳಿದ್ವಿ. ನಾಯಿ ಕಥೆಗೆ ನಕ್ಕು, "ಕಿಲೋಮೀಟರ್ ಲೆಕ್ಕದ್ದೇ ಸಾಕು, ನಾನು ಎಲ್ಲಿ ಹೋಗ್ತೀನಿ ಅಂತ ಮನೆಯವಳಿಗೆ ಗೊತ್ತಿದ್ರೆ ಆಯ್ತು" ಅಂದ್ರು. ಓಡೋಮೀಟರ್ ಫೋಟೋ ತೆಗೆದು ಅಪ್‌ಲೋಡ್ ಮಾಡಿಕೊಟ್ಟಿದ್ದು ನಾವೇ.