ಟ್ರಿನಿಡಾಡಿನ ಜನಸಮುದಾಯ

ವೆಸ್ಟ್ ಇಂಡೀಸಿನ ಟ್ರಿನಿಡಾಡ್–ಟೊಬೇಗೊ ರಾಜ್ಯದಲ್ಲಿ ಬಹುಸಂಖ್ಯಾತರೆಂಬುವರೇ ಇಲ್ಲ. 2011ರ ಖಾನೇಷುಮಾರಿಯಂತೆ ಅಲ್ಲಿ ನೂರಕ್ಕೆ ಸುಮಾರು 35 ಮಂದಿ ಭಾರತೀಯ ಮೂಲದವರು, 34 ಮಂದಿ ಆಫ್ರಿಕಾ ಮೂಲದವರು, 23 ಮಂದಿ ಮಿಶ್ರವಂಶೀಯರು. ಈ ಸಮತೂಕವು ಹೇಗೆ ಒದಗಿತೆಂಬುದನ್ನು ನಾವು ವಿಚಾರಮಾಡೋಣ.

ಇದಕ್ಕೆ ಸಕ್ಕರೆಯೇ ಮುಖ್ಯ ಕಾರಣ. ಕಬ್ಬಿನ ತೋಟಗಳ ದುಡಿಮೆಗೆ ಮೊದಲು ಆಫ್ರಿಕದವರನ್ನು ಗುಲಾಮರನ್ನಾಗಿ ತಂದರು. 1838ರಲ್ಲಿ ಅವರಿಗೆ ಪೂರ್ಣ ಬಿಡುಗಡೆಯಾಗಲು, ತೋಟದ ಒಡೆಯರು ಅಗ್ಗದ ಕೂಲಿಗಾಗಿ ನಮ್ಮ ದೇಶದ ಕಡೆಗೆ ತಿರುಗಿದರು. 1845ನೆಯ ಮೇ 30ರಂದು ‘ಫತೇಲ್ ರಜಾಕ್’ ಹಡಗು ಮೊದಲ ಭಾರತೀಯರನ್ನು ಅಲ್ಲಿ ಇಳಿಸಿತು. ಈ ಪದ್ಧತಿಯು 1917ರಲ್ಲಿ ನಿಲ್ಲುವವರೆಗೆ 1,40,000ಕ್ಕೂ ಹೆಚ್ಚು ಮಂದಿ ಕರಾರಿನ ಕೂಲಿಗಳಾಗಿ ಹೋದರು. ಅವರಲ್ಲಿ ಗಂಗಾ ಬಯಲಿನವರೇ ಅಧಿಕ.

ಆದುದರಿಂದ ಈ ಎರಡು ಜನಾಂಗಗಳಲ್ಲಿ ಯಾವುದೂ ಮತ್ತೊಂದನ್ನು ಹೊರಗಿನದೆನ್ನುವಂತಿಲ್ಲ. ಎರಡನ್ನೂ ಸಮುದ್ರ ದಾಟಿಸಿದುದು ಒಂದೇ ಕಬ್ಬು.