ಮೂರು ತೂತಲ್ಲಿ ಯಾವುದಕ್ಕೆ ಬೋಲ್ಟ್ ಹಾಕೋದು?

ದುಡ್ಡು ಕೊಟ್ಟು ತಂದ ಹೊಸ ಆ್ಯಂಟಿ-ರೋಲ್ ಬಾರ್‌ನ ತುದಿಯಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ತೂತು ಇರುತ್ತೆ. ಕಂಪನಿಯಿಂದ ಕಾರಿನ ಜೊತೆಗೇ ಬಂದ ಬಾರ್‌ಗೆ ಒಂದೇ ತೂತು, ಅಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನೂ ಇಲ್ಲ. ಹೊಸದರಲ್ಲಿ ಆಯ್ಕೆ ಇದೆ, ಆಯ್ಕೆ ಇದ್ದ ಮೇಲೆ ವಾದವೂ ಇದೆ. ಕ್ಯಾಂಪಸ್‌ನಲ್ಲಿ ಕಾರಿನ ಹುಚ್ಚಿರೋ ಯಾರನ್ನಾದರೂ ಕೇಳಿ ನೋಡಿ, "ಫುಲ್ ಹಾರ್ಡ್‌ಗೆ ಹಾಕು ಮಗಾ, ಕಾರು ರೈಲಿನ ಥರ ಹೋಗುತ್ತೆ" ಅಂತಾರೆ. ಈ ಸಲಹೆ ಯಾಕೆ ಅರ್ಧ ಮಾತ್ರ ಸರಿ, ಮಳೆಗಾಲದಲ್ಲಿ ಯಾಕೆ ಅಪಾಯ ಅನ್ನೋದನ್ನ ಲೆಕ್ಕ ಸಮೇತ ಹೇಳೋದು ಈ ಲೇಖನದ ಕೆಲಸ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನ ಟಾರ್ಷನ್ ಪಾಠ ನೆನಪಿದ್ದರೆ ಒಳ್ಳೆಯದು. ಮರೆತಿದ್ದರೂ ಪರವಾಗಿಲ್ಲ, ನಮಗೆ ಬೇಕಾಗಿರೋದು ಒಂದೇ ಸೂತ್ರ.

ಮೊದಲು ಬಾರ್ ಅಂದರೇನು ನೋಡೋಣ. ಗ್ಯಾರೇಜ್‌ನವರು ಇದನ್ನ ಸ್ಟೆಬಿಲೈಸರ್ ಬಾರ್ ಅಂತಾರೆ. ಕಾರಿನ ಅಡಿಯಲ್ಲಿ ಎಡಚಕ್ರದಿಂದ ಬಲಚಕ್ರದವರೆಗೆ ಅಡ್ಡಡ್ಡ ಹೋಗೋ ಸ್ಪ್ರಿಂಗ್ ಸ್ಟೀಲಿನ ಸರಳು. ಮಧ್ಯಭಾಗ ಎರಡು ಬುಶ್‌ಗಳಲ್ಲಿ ಕಾರಿನ ಬಾಡಿಗೆ ಕೂತಿರುತ್ತೆ, ಎರಡೂ ತುದಿ ತೋಳಿನ ಥರ ಬಾಗಿ, ಲಿಂಕ್ ರಾಡ್ ಮೂಲಕ ಸಸ್ಪೆನ್ಷನ್‌ಗೆ ಸೇರುತ್ತೆ. ಎರಡು ಚಕ್ರವೂ ಒಟ್ಟಿಗೆ ಮೇಲೆ ಹೋದರೆ (ರಸ್ತೆಗೆ ಅಡ್ಡ ಇರೋ ಹಂಪ್ ನೆನಪಿಸಿಕೊಳ್ಳಿ) ಬಾರ್ ಬುಶ್‌ನಲ್ಲಿ ಸುಮ್ಮನೆ ತಿರುಗುತ್ತೆ, ಏನೂ ಕೆಲಸ ಮಾಡಲ್ಲ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಮಾತ್ರ ಒದ್ದೆ ಟವೆಲ್ ಹಿಂಡಿದ ಹಾಗೆ ತಿರುಚಿಕೊಳ್ಳುತ್ತೆ. ತಿರುಚೋಕೆ ಅದು ತೋರಿಸೋ ವಿರೋಧವೇ ತಿರುವಿನಲ್ಲಿ ಕಾರು ವಾಲೋದನ್ನ ತಡೆಯೋ ಬಲ.

ಈಗ ಸೂತ್ರ. ತುದಿಯಲ್ಲಿ ಸಿಗೋ ಬಿಗಿತ ಅಂದರೆ ಜಿ ಗುಣಿಸು ಜೆ, ಭಾಗಿಸು ಎಲ್ ಗುಣಿಸು ಆರ್ ವರ್ಗ. ಜಿ ಅಂದರೆ ಸ್ಟೀಲಿನ ಶಿಯರ್ ಮಾಡ್ಯುಲಸ್, ಸುಮಾರು 79 ಗಿಗಾಪಾಸ್ಕಲ್. ಎಲ್ ತಿರುಚೋ ಭಾಗದ ಉದ್ದ, ಆರ್ ತೋಳಿನ ಉದ್ದ. ಜೆ ಅನ್ನೋದು ಸರಳಿನ ವ್ಯಾಸದ ನಾಲ್ಕನೇ ಘಾತದ ಮೇಲೆ ನಿಂತಿದೆ, ಮಜಾ ಇರೋದೇ ಅಲ್ಲಿ. 20 ಮಿಲಿಮೀಟರ್ ಬಾರ್ ತೆಗೆದು 22 ಮಿಲಿಮೀಟರಿನದು ಹಾಕಿದರೆ ನೋಡೋಕೆ ಎರಡೇ ಮಿಲಿಮೀಟರ್, ಆದರೆ 1.1ರ ನಾಲ್ಕನೇ ಘಾತ 1.46. ಅಂದರೆ ಮೊದಲ ತೂತಿನಲ್ಲೇ ಬಾರ್ 46 ಶೇಕಡಾ ಬಿಗಿ. ಇದೇ ಕಾರಣಕ್ಕೆ ಟೊಳ್ಳು ಬಾರ್ ಮೋಸ ಅಲ್ಲ: 22ರ ಸರಳಿಗೆ ನಡುವೆ 14 ಮಿಲಿಮೀಟರ್ ಟೊಳ್ಳು ಮಾಡಿದರೆ ತೂಕ 40 ಶೇಕಡಾ ಇಳಿಯುತ್ತೆ, ಬಿಗಿತ ಇಳಿಯೋದು 16 ಶೇಕಡಾ ಅಷ್ಟೇ. ಒಳಗಿನ ಸ್ಟೀಲ್ ಬಹಳ ಮಟ್ಟಿಗೆ ಸುಮ್ಮನೆ ಕೂತು ಸಂಬಳ ಎಣಿಸುತ್ತಾ ಇರುತ್ತೆ.

ತೂತುಗಳ ಆಟ ಆರ್‌ನಲ್ಲಿದೆ. ತುದಿಗೆ ಹತ್ತಿರದ ತೂತು ಅಂದರೆ ತೋಳು ಉದ್ದ, ಬಾರ್ ಮೆತ್ತಗೆ. ಒಳಗಿನ ತೂತಿಗೆ ಹೋದಷ್ಟೂ ತೋಳು ಗಿಡ್ಡ, ಬಾರ್ ಬಿಗಿ. ಉದ್ದ ಹಿಡಿಯ ಸ್ಪ್ಯಾನರ್‌ನಲ್ಲಿ ಬೋಲ್ಟ್ ಸುಲಭವಾಗಿ ತಿರುಗೋ ಹಾಗೆ. ಒಂದು ಉದಾಹರಣೆ ತಗೊಳ್ಳಿ: 22 ಮಿಲಿಮೀಟರ್ ಬಾರ್, ತಿರುಚೋ ಭಾಗ 900 ಮಿಲಿಮೀಟರ್, ತೂತುಗಳು 220, 200, 180 ಮಿಲಿಮೀಟರ್ ತೋಳಿಗೆ. ಒಂದು ತುದಿ ಹಿಡಿದಿಟ್ಟು ಇನ್ನೊಂದನ್ನ ಒಂದು ಮಿಲಿಮೀಟರ್ ಎತ್ತೋಕೆ ಮೊದಲ ತೂತಿನಲ್ಲಿ ಸುಮಾರು 42 ನ್ಯೂಟನ್, ಎರಡನೆಯದರಲ್ಲಿ 50, ಮೂರನೆಯದರಲ್ಲಿ 62 ನ್ಯೂಟನ್ ಬೇಕು. ಹಳೆಯ 20 ಮಿಲಿಮೀಟರ್ ಬಾರ್‌ಗೆ, ಅದರ ತೋಳೂ 220 ಇದ್ದರೆ, 28.5 ಸಾಕಾಗಿತ್ತು. ಅಂದರೆ ಮೂರನೇ ತೂತಿಗೆ ಹಾಕಿದ ದಿನ ಬಾರ್ ಹಳೆಯದರ ಎರಡು ಪಟ್ಟಿಗಿಂತ ಜಾಸ್ತಿ ಬಿಗಿ. ನಿಜವಾದ ಕಾರಿನಲ್ಲಿ ತೋಳು ಸ್ವಲ್ಪ ಬಾಗುತ್ತೆ, ಬುಶ್ ಸ್ವಲ್ಪ ಅದುಮಿಕೊಳ್ಳುತ್ತೆ, ಹಾಗಾಗಿ ಇದಕ್ಕಿಂತ ಕಡಿಮೆ ಸಿಗುತ್ತೆ. ಆದರೂ ತೂತಿನಿಂದ ತೂತಿಗೆ ಎಷ್ಟು ವ್ಯತ್ಯಾಸ ಅನ್ನೋ ಅಂದಾಜಿಗೆ ಈ ಲೆಕ್ಕ ಸಾಕು.

ಇಷ್ಟು ಕೇಳಿದ ಮೇಲೆ "ಬಿಗಿ ಇದ್ದರೆ ವಾಲಲ್ಲ, ವಾಲದಿದ್ದರೆ ಗ್ರಿಪ್ ಜಾಸ್ತಿ" ಅನ್ನಿಸೋದು ಸಹಜ. ಎಡವಟ್ಟಾಗೋದು ಇಲ್ಲೇ.

ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಭಾರ ವರ್ಗ ಆಗುತ್ತೆ. ಎಷ್ಟು ಅನ್ನೋದು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಎಡ-ಬಲ ಚಕ್ರಗಳ ಅಂತರ, ತಿರುವಿನ ವೇಗೋತ್ಕರ್ಷ ಇಷ್ಟರ ಮೇಲೆ ನಿಂತಿದೆ. 1000 ಕೆಜಿ ಕಾರು, ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರ, ಚಕ್ರಗಳ ಅಂತರ 1.45 ಮೀಟರ್, ತಿರುವು 0.8 ಜಿ ಅಂತಿಟ್ಟುಕೊಳ್ಳಿ. ಸುಮಾರು 276 ಕೆಜಿ ಭಾರ ಒಳಗಿನಿಂದ ಹೊರಗೆ ಹೋಗುತ್ತೆ. ಈ ಲೆಕ್ಕದಲ್ಲಿ ಬಾರ್ ಎಲ್ಲೂ ಬರಲೇ ಇಲ್ಲ, ಗಮನಿಸಿದಿರಾ? ಬಾರ್ ಎಷ್ಟೇ ಬಿಗಿ ಮಾಡಿ, ಕಾರು ಕಡಿಮೆ ವಾಲಬಹುದು, ಆದರೆ ಆ 276 ಹೆಚ್ಚುಕಡಿಮೆ 276 ಆಗಿಯೇ ಇರುತ್ತೆ. ಬಾರ್ ನಿರ್ಧರಿಸೋದು ಒಂದೇ ವಿಷಯ: ಅದರಲ್ಲಿ ಮುಂದಿನ ಆಕ್ಸಲ್ ಎಷ್ಟು ಹೊರಬೇಕು, ಹಿಂದಿನದು ಎಷ್ಟು ಹೊರಬೇಕು. ಮದುವೆ ಮನೆಯಲ್ಲಿ ದೊಡ್ಡ ಪಾತ್ರೆಯನ್ನ ಇಬ್ಬರು ಹಿಡಿದು ಎತ್ತಿದ ಹಾಗೆ. ಯಾರು ಗಟ್ಟಿಯಾಗಿ ನಿಂತರೋ ಅವರ ಮೇಲೆ ಭಾರ ಜಾಸ್ತಿ.

ಭಾರ ಜಾಸ್ತಿ ಹೊತ್ತ ಆಕ್ಸಲ್‌ಗೆ ಏನಾಗುತ್ತೆ? ಟೈರ್‌ನ ಒಂದು ಗುಣ ಗೊತ್ತಿರಬೇಕು. ಹನ್ನೊಂದನೇ ಕ್ಲಾಸಿನ ಫಿಸಿಕ್ಸ್‌ನಲ್ಲಿ ಘರ್ಷಣೆಯ ಮ್ಯೂ ಸ್ಥಿರ ಅಂತ ಓದಿದ್ದೆವು. ರಬ್ಬರ್ ಆ ಪುಸ್ತಕ ಓದಿಲ್ಲ. ಟೈರ್ ಮೇಲೆ ಭಾರ ಹೆಚ್ಚಾದಷ್ಟೂ ಮ್ಯೂ ನಿಧಾನಕ್ಕೆ ಇಳಿಯುತ್ತೆ. ಲೆಕ್ಕಕ್ಕೆ ಅಂತ ಒಂದು ಟೈರ್ ಊಹಿಸಿಕೊಳ್ಳಿ: 300 ಕೆಜಿ ಭಾರಕ್ಕೆ ಮ್ಯೂ 1, 500ಕ್ಕೆ 0.9, 100ಕ್ಕೆ 1.1. ಎರಡು ಟೈರ್ ಮೇಲೂ 300 ಇದ್ದರೆ ಒಟ್ಟು ಹಿಡಿತ 600. ಅದೇ 600 ಕೆಜಿ 500 ಮತ್ತು 100 ಅಂತ ಹಂಚಿಕೆಯಾದರೆ ಹಿಡಿತ 450 ಕೂಡಿಸು 110, ಅಂದರೆ 560. ಭಾರ ಅಷ್ಟೇ ಇದೆ, ಹಿಡಿತದಲ್ಲಿ 40 ಮಾಯ. ಹೀಗೆ ಯಾವ ಕಡೆ ಬಾರ್ ಬಿಗಿ ಮಾಡ್ತೀವೋ ಆ ಕಡೆ ಹಿಡಿತ ಕಳೆದುಕೊಳ್ತೀವಿ, ಇನ್ನೊಂದು ಕಡೆ ಪಡೆದುಕೊಳ್ತೀವಿ.

ಇದರಿಂದ ಉಪಯೋಗ ಏನು ಅಂದರೆ, ನಮ್ಮ ರಸ್ತೆಯಲ್ಲಿ ಓಡೋ ಹೆಚ್ಚಿನ ಕಾರುಗಳು ಮುಂದಿನ ಚಕ್ರದಿಂದ ಎಳೆಯೋವು, ಮೂಗು ಭಾರ, ಕಂಪನಿಯವರು ಬೇಕಂತಲೇ ಅಂಡರ್‌ಸ್ಟಿಯರ್ ಇಟ್ಟಿರ್ತಾರೆ. ಜೋರಾಗಿ ತಿರುವಿಗೆ ಹೋದರೆ ಸ್ಟಿಯರಿಂಗ್ ತಿರುಗಿಸಿದರೂ ಮೂಗು ನೇರ ಹೋಗೋಕೆ ನೋಡುತ್ತೆ. ಅದನ್ನ ಕಡಿಮೆ ಮಾಡೋಕೆ ಹಿಂದಿನ ಬಾರ್ ಬಿಗಿ ಮಾಡ್ತಾರೆ. ಆಗ ಮುಂದಿನ ಒಳಚಕ್ರದ ಮೇಲೆ ಭಾರ ಸ್ವಲ್ಪ ಉಳಿಯೋದರಿಂದ, ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತುವಾಗ ಆ ಚಕ್ರ ಸುಮ್ಮನೆ ಸುತ್ತೋದೂ ಕಡಿಮೆಯಾಗುತ್ತೆ. ಹಿಂದಿನ ಬಾರ್ ಇಷ್ಟು ಮಾರಾಟ ಆಗೋದು ಇದಕ್ಕೇ.

ಒಂದು ಅಡ್ಡ ಮಾತು. ಸ್ವಿಫ್ಟ್, ಬಲೇನೊ, ಪೋಲೊ, ಐ20 ಇಂಥ ಕಾರುಗಳ ಹಿಂದೆ ಇರೋದು ಟ್ವಿಸ್ಟ್ ಬೀಮ್. ಆ ಬೀಮ್ ತಾನೇ ತಿರುಚಿಕೊಂಡು ಬಾರ್‌ನ ಕೆಲಸವನ್ನೂ ಮಾಡುತ್ತೆ. ಅದಕ್ಕೆ ಸಿಗೋ ಬಾರ್‌ಗಳು ಬೀಮ್‌ಗೇ ಬೋಲ್ಟ್ ಆಗೋ ಥರದವು, ಅಲ್ಲಿ ಲಿಂಕ್ ರಾಡಿನ ಕಥೆ ಇಲ್ಲ. ಆಕ್ಟೇವಿಯಾ ಆರ್‌ಎಸ್ ಥರ ಹಿಂದೆ ಮಲ್ಟಿ-ಲಿಂಕ್ ಇರೋ ಕಾರುಗಳಿಗೂ, ನಮ್ಮಂಥವರು ಕಟ್ಟೋ ಫಾರ್ಮುಲಾ ಸ್ಟೂಡೆಂಟ್ ಕಾರುಗಳಿಗೂ ಈ ತೂತಿನ ಲೆಕ್ಕ ನೇರವಾಗಿ ಹೊಂದುತ್ತೆ.

ಮತ್ತೆ ಮೂರು ತೂತಿಗೆ ಬರೋಣ. ಬಾರ್ 46 ಶೇಕಡಾ ಬಿಗಿಯಾದರೆ ಕಾರಿನ ಸ್ವಭಾವ 46 ಶೇಕಡಾ ಬದಲಾಗಲ್ಲ, ಯಾಕೆಂದರೆ ವಾಲೋದನ್ನ ತಡೆಯೋದು ಬಾರ್ ಒಂದೇ ಅಲ್ಲ, ಸ್ಪ್ರಿಂಗ್‌ಗಳೂ ಇವೆ. ಮುಂದೆ ಸ್ಪ್ರಿಂಗ್ ಮತ್ತು ಬಾರ್ ಸೇರಿ ಒಂದು ಡಿಗ್ರಿ ವಾಲೋಕೆ 500 ನ್ಯೂಟನ್ ಮೀಟರ್, ಹಿಂದೆ ಸ್ಪ್ರಿಂಗ್ 250, ಹಳೆಯ ಬಾರ್ 100 ಅಂತಿಟ್ಟುಕೊಳ್ಳಿ. ಒಟ್ಟು 850, ಮುಂದಿನ ಪಾಲು 58.8 ಶೇಕಡಾ. ಹೊಸ ಬಾರ್ ಮೊದಲ ತೂತಿನಲ್ಲಿ 146 ಕೊಟ್ಟರೆ ಮುಂದಿನ ಪಾಲು 55.8, ಎರಡನೆಯದರಲ್ಲಿ 53.9, ಮೂರನೆಯದರಲ್ಲಿ 51.6. ಜಾಹೀರಾತಿನಲ್ಲಿ ಎರಡು ಪಟ್ಟು ಬಿಗಿ ಅಂತ ದೊಡ್ಡದಾಗಿ ಹಾಕ್ತಾರಲ್ಲ, ರಸ್ತೆಗೆ ಇಳಿದಾಗ ಅದು ಏಳು ಪಾಯಿಂಟ್ ಬದಲಾವಣೆ. ಕಮ್ಮಿ ಅನ್ನಿಸಿತಾ? ಒಂದೆರಡು ಪಾಯಿಂಟ್ ಆಚೀಚೆ ಆದರೂ ಡ್ರೈವರ್‌ಗೆ ಗೊತ್ತಾಗುತ್ತೆ. ಏಳು ಅಂದರೆ ಬೇರೆಯೇ ಕಾರು.

ನನ್ನ ಪ್ರಕಾರ ಶುರು ಮಾಡಬೇಕಾದ್ದು ಮೆತ್ತನೆಯ ತೂತಿನಿಂದ, ಯಾವಾಗಲೂ. ಧೈರ್ಯ ಸಾಲದೆ ಹೇಳ್ತಿರೋ ಮಾತಲ್ಲ. ಹಿಂದೆ ಹಿಡಿತ ಕಡಿಮೆ ಮಾಡಿದ ಕಾರು ಒಣ ರಸ್ತೆಯಲ್ಲಿ, ಸಮ ವೇಗದಲ್ಲಿ ಚೆನ್ನಾಗೇ ತಿರುಗುತ್ತೆ. ತಿರುವಿನ ಮಧ್ಯೆ ಎದುರಿಗೆ ಬಸ್ಸೋ ಎಮ್ಮೆಯೋ ಕಂಡು ಗಾಬರಿಯಲ್ಲಿ ಆಕ್ಸಿಲರೇಟರ್ ಬಿಟ್ಟಿರಿ ಅನ್ನಿ. ಭಾರ ಮುಂದಕ್ಕೆ ಜಾರುತ್ತೆ, ಮೊದಲೇ ಹಿಡಿತ ಕಮ್ಮಿ ಇದ್ದ ಹಿಂದಿನ ಟೈರ್ ಇನ್ನೂ ಹಗುರ ಆಗುತ್ತೆ, ಕಾರಿನ ಬಾಲ ಹೊರಗೆ ಬರುತ್ತೆ. ಅಂಡರ್‌ಸ್ಟಿಯರ್ ಆದಾಗ ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಪರಿಸ್ಥಿತಿ ಸುಧಾರಿಸುತ್ತೆ. ಓವರ್‌ಸ್ಟಿಯರ್‌ನಲ್ಲಿ ಅದೇ ಕೆಲಸ ಪರಿಸ್ಥಿತಿಯನ್ನ ಹಾಳು ಮಾಡುತ್ತೆ. ನಮ್ಮೆಲ್ಲರ ಕಾಲು ಕಲಿತಿರೋದು ಮೊದಲನೆಯದನ್ನ ಮಾತ್ರ. ಮಳೆಯಲ್ಲಿ ಚಾರ್ಮಾಡಿ ಅಥವಾ ಆಗುಂಬೆ ಘಾಟಿ ಇಳಿಯುವಾಗ ಇದನ್ನ ಹೊಸದಾಗಿ ಕಲಿಯೋಕೆ ಜಾಗವೂ ಇಲ್ಲ, ಸಮಯವೂ ಇಲ್ಲ. ಇನ್ನೊಂದು ವಿಷಯ: ಒಬ್ಬರೇ ಓಡಿಸಿ ಸೆಟ್ ಮಾಡಿದ ಕಾರಿನ ಹಿಂದೆ ಮೂರು ಜನ ಕೂತು, ಡಿಕ್ಕಿಯಲ್ಲಿ ಬ್ಯಾಗ್ ತುಂಬಿದರೆ ಹಿಂದಿನ ಟೈರ್‌ಗಳ ಕೆಲಸ ಹೆಚ್ಚಾಗುತ್ತೆ. ಶನಿವಾರದ ಟ್ರಿಪ್ಪಿಗೆ ಹೊರಡೋ ಕಾರು ಶುಕ್ರವಾರ ಟೆಸ್ಟ್ ಮಾಡಿದ ಕಾರಲ್ಲ.

ಹಾಗಂತ ಮೂರನೇ ತೂತನ್ನ ಸುಮ್ಮನೆ ಕೊರೆದಿಟ್ಟಿಲ್ಲ. ಒಣ ಟ್ರ್ಯಾಕ್, ಒಳ್ಳೆ ಟೈರ್, ಅನುಭವ ಇರೋ ಡ್ರೈವರ್ ಇದ್ದರೆ ಅದಕ್ಕೂ ಕೆಲಸ ಇದೆ. ಅಲ್ಲೂ ಒಂದು ಮಿತಿ ಉಂಟು. ಹಿಂದಿನ ಒಳಚಕ್ರ ನೆಲದಿಂದ ಎದ್ದ ಕ್ಷಣಕ್ಕೆ ಹಿಂದಿನ ಆಕ್ಸಲ್ ವರ್ಗ ಮಾಡಬಹುದಾದ ಭಾರವೆಲ್ಲ ವರ್ಗ ಆಗಿ ಹೋಗಿರುತ್ತೆ. ಆಮೇಲೆ ಬಾರ್ ಬಿಗಿ ಮಾಡಿ ಏನೂ ಸಿಗಲ್ಲ. ಜೊತೆಗೆ ಬಿಗಿ ಬಾರ್ ಅಂದರೆ ಎಡ-ಬಲ ಚಕ್ರಗಳ ಸ್ವಾತಂತ್ರ್ಯ ಕಡಿಮೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೂ ಏಟು ತಲುಪುತ್ತೆ, ಕೂತವರ ತಲೆ ಆಕಡೆ ಈಕಡೆ ಓಲಾಡುತ್ತೆ. ಬೆಂಗಳೂರಿನ ಗುಂಡಿಗಳು ಅಡ್ಡಡ್ಡ ಸಾಲಾಗಿ ಬರಲ್ಲ, ಒಂದೊಂದಾಗಿ ಬರ್ತವೆ. ಬೇರೆ ವಿವರಣೆ ಬೇಡ ಅಲ್ವಾ?

ಟೆಸ್ಟ್ ಮಾಡೋಕೆ ನಮ್ಮ ತಂಡದಲ್ಲಿ ಬಳಸೋದು ಸ್ಕಿಡ್‌ಪ್ಯಾಡ್. ಫಾರ್ಮುಲಾ ಸ್ಟೂಡೆಂಟ್ ನಿಯಮದಲ್ಲಿ ಒಳವೃತ್ತದ ವ್ಯಾಸ 15.25 ಮೀಟರ್, ಹೊರವೃತ್ತದ್ದು 21.25, ಓಡೋ ದಾರಿ ಮೂರು ಮೀಟರ್ ಅಗಲ. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯೋ ಫಾರ್ಮುಲಾ ಭಾರತ್‌ಗೆ ಹೋಗೋ ತಂಡಗಳಿಗೆಲ್ಲ ಈ ಅಳತೆ ಬಾಯಿಪಾಠ. ದೊಡ್ಡ ಖಾಲಿ ಮೈದಾನ, ಒಂದಷ್ಟು ಕೋನ್, ಒಂದು ಸ್ಟಾಪ್‌ವಾಚ್ ಸಾಕು. ಮಧ್ಯದ ಗೆರೆಯಲ್ಲಿ ಒಂದು ಸುತ್ತಿಗೆ 5.5 ಸೆಕೆಂಡ್ ಆದರೆ ಅದು ಸುಮಾರು 1.2 ಜಿ. ತೂತು ಬದಲಾಯಿಸಿದಾಗ ಸಮಯ ಇಳಿಯಿತಾ ಏರಿತಾ ನೋಡಿ, ಜೊತೆಗೆ ಯಾವ ತುದಿ ಮೊದಲು ಜಾರಿತು ಅಂತ ಡ್ರೈವರನ್ನ ಕೇಳಿ. ಸಮಯಕ್ಕಿಂತ ಎರಡನೇ ಉತ್ತರ ಮುಖ್ಯ ಅಂತ ನನಗನ್ನಿಸುತ್ತೆ, ಯಾಕೆಂದರೆ ಮುಂದೆ ಯಾವ ಬಾರ್ ಮುಟ್ಟಬೇಕು ಅಂತ ಹೇಳೋದು ಅದೇ. ವೃತ್ತದಲ್ಲಿ ಚೆನ್ನಾಗಿದ್ದ ಕಾರು ಸ್ಲಾಲಂನಲ್ಲಿ ಬಾಲ ಬೀಸಬಹುದು, ಹಾಗಾಗಿ ಎರಡೂ ಮಾಡಿ. ಶುರುವಿಗೂ ಮುಂಚೆ ಟೈರ್ ಗಾಳಿ ಸರಿ ಮಾಡಿ. ಒಂದು ಸಲಕ್ಕೆ ಒಂದು ಬದಲಾವಣೆ, ಒಂದೇ ತೂತು. ಮಳೆ ಬಂದರೆ ಹಿಂದಿನದನ್ನ ಮೆತ್ತಗೆ ಮಾಡಿ.

ಎರಡು ತೂತಿನ ನಡುವಿನದು ಬೇಕಾದರೆ ಒಂದು ಸಣ್ಣ ಉಪಾಯ ಇದೆ. ಎಡಗಡೆ 220ರ ತೂತು, ಬಲಗಡೆ 200ರದು ಹಾಕಿ. ಮೊದಲ ಸಲ ಕೇಳಿದವರು "ಹಾಗಾದರೆ ಬಲಕ್ಕೊಂದು ಎಡಕ್ಕೊಂದು ಥರ ತಿರುಗಲ್ವಾ?" ಅಂತಾರೆ. ಇಲ್ಲ. ಸರಳು ಒಂದೇ, ಅದರ ತಿರುಚೋ ಟಾರ್ಕ್ ಎರಡು ತುದಿಗೂ ಒಂದೇ. ಕಾರು ಯಾವ ಕಡೆ ವಾಲಿದರೂ ಸಿಗೋ ಬಿಗಿತ ಮೊದಲ ತೂತಿನ ಸುಮಾರು 1.1 ಪಟ್ಟು, ಅಂದರೆ ಮಧ್ಯದ್ದು.

ಕೂರಿಸುವಾಗ ಕಾರನ್ನ ಜಾಕ್ ಮೇಲೆ ಬಿಟ್ಟು ಕೊನೆಯ ಬೋಲ್ಟ್ ಬಿಗಿಯಬೇಡಿ. ನಾಲ್ಕೂ ಚಕ್ರ ಸಮತಟ್ಟು ನೆಲದಲ್ಲಿರಬೇಕು, ಡ್ರೈವರ್ ಸೀಟಿನಲ್ಲಿ ಕೂತಿದ್ದರೆ ಇನ್ನೂ ಒಳ್ಳೆಯದು. ಎರಡನೇ ಲಿಂಕ್ ರಾಡಿನ ಬೋಲ್ಟ್ ಬೆರಳಲ್ಲಿ ತಳ್ಳಿದರೆ ತೂತಿಗೆ ಹೋಗಬೇಕು. ಸುತ್ತಿಗೆ ಬೇಕಾಯಿತು ಅಂದರೆ ಬಾರ್ ನಿಂತಲ್ಲೇ ತಿರುಚಿಕೊಂಡಿದೆ ಅಂತ ಅರ್ಥ. ಆಗಲೇ ಕಾರು ಎಡಕ್ಕೊಂದು ಬಲಕ್ಕೊಂದು ಥರ ವರ್ತಿಸೋದು. ಉದ್ದ ಹೊಂದಿಸಬಹುದಾದ ಲಿಂಕ್ ರಾಡ್ ಇದ್ದರೆ ಅದನ್ನ ತಿರುಗಿಸಿ ಸರಿ ಮಾಡಬಹುದು. ತೂತು ಬದಲಾದಾಗ ಲಿಂಕ್ ನಿಲ್ಲೋ ಕೋನವೂ ಬದಲಾಗುತ್ತೆ, ಆದ್ದರಿಂದ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಮೇಲೆ ಕೆಳಗೆ ಆಡಿಸಿ, ಬ್ರೇಕ್ ಹೋಸ್‌ಗೆ ಏನೂ ತಾಗಲ್ಲ ಅಂತ ಕಣ್ಣಾರೆ ನೋಡಿ. ರಸ್ತೆ ಕಾರಾದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಏನು ಹೇಳುತ್ತೆ ಅಂತ ಓದಿ, ಇನ್ಶೂರೆನ್ಸ್‌ನವರನ್ನೂ ಒಂದು ಮಾತು ಕೇಳಿ. ಹೊಸ ಬಾರ್ ಜೊತೆ ಬರೋ ಪಾಲಿಯುರೆಥೇನ್ ಬುಶ್‌ಗೆ ಅದರ ಜೊತೆ ಕೊಟ್ಟಿರೋ ಗ್ರೀಸನ್ನೇ ಹಚ್ಚಿ, ಇಲ್ಲಾಂದರೆ ಪ್ರತಿ ಹಂಪಿಗೂ ಹಳೇ ಮಂಚದ ಥರ ಕಿರುಗುಟ್ಟುತ್ತೆ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟ್‌ಗೂ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.